ಒಂದು ಹಿತ್ತಲು, ಮೂರು ಗುಲಾಬಿ: ಯಾವುದಕ್ಕೆ ಕಡ್ಡಿ, ಯಾವುದಕ್ಕೆ ಕಸಿ

ತುಮಕೂರಿನ ಹಳೆಯ ಬಡಾವಣೆಯಲ್ಲಿ ಒಂದು ಹೆಂಚಿನ ಮನೆ. ಅದನ್ನು ಕೆಡವಿ ಹೊಸ ಮನೆ ಕಟ್ಟುವುದೆಂದು ತೀರ್ಮಾನವಾಗಿತ್ತು. ಆಷಾಢದಲ್ಲಿ ಕೆಲಸ ಶುರು ಮಾಡುವುದಿಲ್ಲ, ಶ್ರಾವಣ ಹುಟ್ಟಿದ ಮೇಲೆ ಗುದ್ದಲಿ ಪೂಜೆ. ಆ ಮನೆಯವರು ನಮ್ಮ ನರ್ಸರಿಗೆ ಬಂದದ್ದು ಮೇ ಕೊನೆಯಲ್ಲಿ. ಹಿತ್ತಲಲ್ಲಿ ಮೂರು ಗುಲಾಬಿ ಗಿಡಗಳಿವೆ, ಮೂರೂ ಉಳಿಯಬೇಕು ಎಂಬುದು ಮನೆಯ ಹಿರಿಯಮ್ಮನ ಆಸೆ. “ಗಿಡ ಕಿತ್ತು ಕುಂಡಕ್ಕೆ ಹಾಕ್ತೀರೋ, ಕಡ್ಡಿ ನೆಡ್ತೀರೋ ನಿಮಗೆ ಬಿಟ್ಟಿದ್ದು ಕಣಪ್ಪ. ಹೂವು ಮಾತ್ರ ಅದೇ ಇರಬೇಕು” ಎಂದರು.

ಅದೇ ಹೂವು ಬೇಕೆಂದರೆ ಬೀಜದ ದಾರಿ ಮುಚ್ಚಿತು. ಗುಲಾಬಿ ಕಾಯಿ ಕಟ್ಟುತ್ತದೆ, ಬೀಜ ಮೊಳೆಯುತ್ತದೆ ಕೂಡ. ಆದರೆ ಹೈಬ್ರಿಡ್ ಗುಲಾಬಿಯ ಬೀಜದಿಂದ ತಾಯಿಯಂಥದೇ ಹೂವು ಬರುವುದಿಲ್ಲ. ಗೂಟಿ (ಗಿಡದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸುವುದು) ಕಟ್ಟಬಹುದು, ಆದರೆ ಒಂದು ಕೊಂಬೆಗೆ ಒಂದೇ ಗಿಡ. ಉಳಿದದ್ದು ಎರಡು: ಕಡ್ಡಿ ನೆಟ್ಟು ಬೇರು ಬರಿಸುವುದು, ಇಲ್ಲವೇ ಕಣ್ಣು (ಕೊಂಬೆಯಲ್ಲಿ ಚಿಗುರು ಹೊರಡುವ ಮೊಗ್ಗು) ತೆಗೆದು ಬೇರೆ ಗಿಡಕ್ಕೆ ಕಸಿ ಕಟ್ಟುವುದು. ಎರಡರಲ್ಲಿ ಯಾವುದು ಒಳ್ಳೆಯದು ಅಂತ ನರ್ಸರಿಗೆ ಬರುವವರೆಲ್ಲ ಕೇಳುತ್ತಾರೆ. ಆ ಪ್ರಶ್ನೆಗೆ ಗಿಡ ನೋಡದೆ ಉತ್ತರ ಕೊಡಬಾರದು ಎನ್ನುವುದಕ್ಕೆ ಈ ಹಿತ್ತಲಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಒಂದೇ ಮಣ್ಣು, ಒಂದೇ ನೀರು, ಮೂರು ಗಿಡ. ಮೂರಕ್ಕೂ ಮೂರು ಬೇರೆ ಉತ್ತರ.

ಮೊದಲನೆಯದು ತಿಳಿ ಗುಲಾಬಿ ಬಣ್ಣದ ಪರಿಮಳದ ಹೂವು. ಮನೆಯವರು ಪನ್ನೀರು ಗುಲಾಬಿ ಎನ್ನುತ್ತಿದ್ದರು. ದಳ ಸಡಿಲ, ಮಧ್ಯಾಹ್ನದ ಹೊತ್ತಿಗೆ ಉದುರಿಬಿಡುತ್ತದೆ, ಹೂದಾನಿಗೆ ಉಪಯೋಗವಿಲ್ಲ, ದೇವರ ಪೂಜೆಗೆ ಸರಿ. ನಮ್ಮ ಕಡೆ ಎಡ್ವರ್ಡ್ ಗುಲಾಬಿ ಅಂತ ಕರೆಯುವ ಬೂರ್ಬೋನ್ ಜಾತಿಯ ಲಕ್ಷಣಗಳೇ ಅದರಲ್ಲಿ ಕಂಡವು. ಆ ಜಾತಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಿಂದ ಹರಡಿದ್ದು. ಆ ದ್ವೀಪದ ಹಳೆಯ ಹೆಸರೇ ಬೂರ್ಬೋನ್. ಎರಡನೆಯದು ಹೈಬ್ರಿಡ್ ಟೀ ಎಂಬ ಗುಂಪಿನ ಕಡುಗೆಂಪು ಗುಲಾಬಿ, ಉದ್ದ ತೊಟ್ಟು, ದೊಡ್ಡ ಹೂವು. ಗಿಡ ಸೊರಗಿತ್ತು. ಮೂರನೆಯದು ಹಳದಿ. ಹಾಗೆಂದು ಅಜ್ಜಿ ಹೇಳಿದರು. ಆದರೆ ನಾವು ಹೋದಾಗ ಅದರಲ್ಲಿ ಹಳದಿ ಹೂವು ಒಂದೂ ಇರಲಿಲ್ಲ.

ನಾವು ಹೋಗುವ ಮೊದಲೇ ಮನೆಯಲ್ಲಿ ಪ್ರಯೋಗ ನಡೆದಿತ್ತು. ಮೊಮ್ಮಗ ವಿಡಿಯೋ ನೋಡಿ ಏಪ್ರಿಲ್‌ನಲ್ಲಿ ಕೆಂಪು ಗುಲಾಬಿಯ ಕಡ್ಡಿಗಳನ್ನು ಆಲೂಗಡ್ಡೆಗೆ ಚುಚ್ಚಿ ಕುಂಡದಲ್ಲಿ ಹೂತಿದ್ದ. ಕೆಲವಕ್ಕೆ ಜೇನುತುಪ್ಪ, ಕೆಲವಕ್ಕೆ ಲೋಳೆಸರ. ವಾರದೊಳಗೆ ಚಿಗುರು ಬಂತು, ಮನೆಯವರೆಲ್ಲ ಸಂತೋಷಪಟ್ಟರು, ಆಮೇಲೆ ಎಲ್ಲವೂ ಒಣಗಿದವು. ಆಲೂಗಡ್ಡೆ ಕೊಳೆತು ವಾಸನೆ ಹೊಡೆದದ್ದಷ್ಟೇ ಲಾಭ. ಆಲೂಗಡ್ಡೆಯ ತೇವ ಕಡ್ಡಿಗೆ ಆಹಾರವಾಗುವುದಿಲ್ಲ. ಬೇರಿಲ್ಲದ ಕಡ್ಡಿ ಪಿಷ್ಟವನ್ನು ಹೀರಿಕೊಳ್ಳುವುದೂ ಇಲ್ಲ. ಕೊಳೆಯುವ ಗಡ್ಡೆ ಪಕ್ಕದಲ್ಲಿದ್ದರೆ ಕಡ್ಡಿಯ ಬುಡಕ್ಕೂ ಕೊಳೆ ಹತ್ತುತ್ತದೆ. ಜೇನಿಗೆ ಸ್ವಲ್ಪ ಸೂಕ್ಷ್ಮಾಣು ತಡೆಯುವ ಗುಣವಿದೆ, ಬೇರು ಬರಿಸುವ ಗುಣವಿಲ್ಲ.

ಆ ಚಿಗುರಿನ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮನೆಯಲ್ಲಿ ಕಡ್ಡಿ ನೆಡುವವರು ಜಾಸ್ತಿ ಮೋಸಹೋಗುವುದು ಅಲ್ಲೇ. ಕತ್ತರಿಸಿದ ಕಡ್ಡಿಯಲ್ಲಿ ಸ್ವಲ್ಪ ಆಹಾರ, ಸ್ವಲ್ಪ ನೀರು ಉಳಿದಿರುತ್ತದೆ. ಕಣ್ಣು ಅದನ್ನು ಬಳಸಿಕೊಂಡು ಚಿಗುರುತ್ತದೆ. ಬೇರಿಗೂ ಅದಕ್ಕೂ ಸಂಬಂಧವಿಲ್ಲ. ಬೇಸಿಗೆಯ ಬಿಸಿಗೆ ಚಿಗುರು ಬೇಗ ಬರುತ್ತದೆ, ಬೇರು ಬರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ಚಿಗುರೆಲೆ ನೀರು ಆವಿ ಮಾಡಿ ಕಡ್ಡಿಯನ್ನು ಬರಿದು ಮಾಡಿಬಿಟ್ಟಿರುತ್ತದೆ. ಅದರ ಮೇಲೆ ಆ ಹುಡುಗ ಎರಡು ದಿನಕ್ಕೊಮ್ಮೆ ಕಡ್ಡಿ ಎತ್ತಿ ಬೇರು ಬಂತಾ ಅಂತ ನೋಡುತ್ತಿದ್ದ. ಮೊದಲ ಬೇರು ಎಳೆಯದು, ಎತ್ತಿದರೆ ಮುರಿಯುತ್ತದೆ. ನೋಡಲೇಬೇಕೆಂದರೆ ಪಾರದರ್ಶಕ ಪ್ಲಾಸ್ಟಿಕ್ ಲೋಟದಲ್ಲಿ ನೆಟ್ಟು, ಅದನ್ನು ಕಪ್ಪು ಕವರಿನೊಳಗಿಟ್ಟು, ಬೇಕಾದಾಗ ಕವರು ಸರಿಸಿ ನೋಡಬಹುದು. ಅವನಿಗೆ ಈ ಉಪಾಯ ಹಿಡಿಸಿತು.

ಈಗ ಹಳದಿ ಗಿಡ. ಈ ಪ್ರಕರಣದ ತಿರುಳು ಅದರಲ್ಲೇ ಇದೆ.

ಹತ್ತಡಿಯಷ್ಟು ಉದ್ದದ ಹಸಿರು ಬಳ್ಳಿಯಂಥ ಕೊಂಬೆಗಳು ಕಾಂಪೌಂಡ್ ದಾಟಿ ಬಾಗಿದ್ದವು. ನೋಡಲು ಮೂರರಲ್ಲಿ ಇದೇ ಪುಷ್ಟಿಯಾದ ಗಿಡ. “ಮೊದಮೊದಲು ಬೆಣ್ಣೆ ಬಣ್ಣದ ಹಳದಿ ಬಿಡ್ತಿತ್ತು. ಈಗ ವರ್ಷಕ್ಕೊಂದ್ಸಲ ಸಣ್ಣ ಬಿಳಿ ಗೊಂಚಲು, ಅಷ್ಟೇ. ಮಣ್ಣು ಕೆಟ್ಟಿರಬೇಕು ಅಲ್ವಾ?” ಎಂದು ಅಜ್ಜಿ ಕೇಳಿದರು. ಪಕ್ಕದ ಮನೆಯವರು ಹಿಂದಿನ ವರ್ಷ ಇದೇ ಗಿಡದ ಕಡ್ಡಿ ಒಯ್ದು ನೆಟ್ಟಿದ್ದರು. ಹಾಕಿದ್ದೆಲ್ಲ ಬದುಕಿತ್ತು. ಹೂವು ಮಾತ್ರ ಬಂದಿರಲಿಲ್ಲ.

ಮಣ್ಣು ಕೆಟ್ಟರೆ ಹೂವು ಚಿಕ್ಕದಾಗಬಹುದು, ಹಳದಿ ಹೂವು ಬಿಳಿ ಗೊಂಚಲಾಗುವುದಿಲ್ಲ. ಬುಡದ ಕಸ, ಮಣ್ಣು ಸರಿಸಿ ನೋಡಿದಾಗ ವಿಷಯ ತಿಳಿಯಿತು. ನೆಲಮಟ್ಟದಲ್ಲಿ ಹಳೆಯ ಕಸಿ ಗಂಟು. ಉದ್ದನೆಯ ಕೊಂಬೆಗಳೆಲ್ಲ ಹುಟ್ಟಿದ್ದು ಆ ಗಂಟಿನ ಕೆಳಗಿನಿಂದ. ಗಂಟಿನ ಮೇಲೆ ಒಂದೇ ಒಂದು ಸಣಕಲು ಕೊಂಬೆ, ಅದೂ ನೆರಳಿನಲ್ಲಿ ಸಿಕ್ಕಿ ಹಳದಿಗಟ್ಟಿತ್ತು. ಅಂದರೆ ಅಂಗಡಿಯಿಂದ ತಂದ ಹಳದಿ ಗುಲಾಬಿ ಆ ಒಂದು ಕೊಂಬೆಯಷ್ಟೇ. ಉಳಿದದ್ದೆಲ್ಲ ಅದಕ್ಕೆ ಬೇರು ಕೊಟ್ಟ ಕಾಡುಗುಲಾಬಿ. ನರ್ಸರಿಯವರು ಇದನ್ನು ಸ್ಟಾಕ್ ಎನ್ನುತ್ತಾರೆ. ದಕ್ಷಿಣ ಭಾರತದಲ್ಲಿ ಸ್ಟಾಕ್ ಆಗಿ ಹೆಚ್ಚಾಗಿ ಬಳಸುವುದು ರೋಸಾ ಮಲ್ಟಿಫ್ಲೋರಾ. ಅದರ ಹೂವೇ ಆ ಬಿಳಿ ಗೊಂಚಲು.

ಗುರುತು ಹಿಡಿಯುವುದು ಹೇಗೆ? ನಮ್ಮಲ್ಲಿ ಒಂದು ಮಾತಿದೆ, ಒಂದು ತೊಟ್ಟಿಗೆ ಐದೆಲೆಯದು ಜಾತಿ ಗುಲಾಬಿ, ಏಳೆಲೆಯದು ಕಾಡು ಅಂತ. ಇದನ್ನು ಪೂರ್ತಿ ನಂಬಬೇಡಿ. ಒಳ್ಳೆಯ ಹೈಬ್ರಿಡ್‌ಗಳಲ್ಲೂ ಏಳೆಲೆ ಬರುತ್ತದೆ. ಏಳೆಲೆ ಕಂಡಿತೆಂದು ಒಳ್ಳೆಯ ಕೊಂಬೆಗಳನ್ನೆಲ್ಲ ಕತ್ತರಿಸಿ ಗಿಡ ಬೋಳು ಮಾಡಿದವರಿದ್ದಾರೆ. ಮಲ್ಟಿಫ್ಲೋರಾದಲ್ಲಿ ಎಲೆ ತೊಟ್ಟಿನ ಬುಡಕ್ಕೆ ಅಂಟಿಕೊಂಡ ಸಣ್ಣ ಪಟ್ಟಿಯ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿರುತ್ತದೆ. ಹೈಬ್ರಿಡ್ ಟೀಯಲ್ಲಿ ಆ ಅಂಚು ಸಾಮಾನ್ಯವಾಗಿ ನಯ. ಇದೂ ಸಾಲದಿದ್ದರೆ ಮಣ್ಣು ಬಿಡಿಸಿ ಕೊಂಬೆ ಎಲ್ಲಿಂದ ಹೊರಟಿದೆ ಎಂದು ನೋಡುವುದೇ ಕೊನೆಯ ತೀರ್ಪು. ಗಂಟಿನ ಮೇಲಿನದು ನಿಮ್ಮದು, ಕೆಳಗಿನದು ಸ್ಟಾಕಿನದು.

ಹೀಗಾಗಲು ಕಾರಣ ಎರಡು. ಮೊದಲನೆಯದು ಗಿಡ ತಯಾರಾಗುವಾಗಿನದು. ಸ್ಟಾಕಿನ ಕಡ್ಡಿ ನೆಡುವಾಗ ಮಣ್ಣಿನೊಳಗೆ ಹೋಗುವ ಭಾಗದ ಕಣ್ಣುಗಳನ್ನು ಚಾಕುವಿನಿಂದ ಕೆತ್ತಿ ತೆಗೆಯಬೇಕು. ತೆಗೆಯದಿದ್ದರೆ ಅವು ವರ್ಷಗಟ್ಟಲೆ ಸುಮ್ನೆ ಇದ್ದು ಯಾವಾಗಲೋ ಎದ್ದುಬರುತ್ತವೆ. ಎರಡನೆಯದು ಹಿತ್ತಲಲ್ಲಿ ಆದದ್ದು. ಪ್ರತಿ ವರ್ಷ ಮಾಲಿ ಬಂದು ಇಡೀ ಗಿಡವನ್ನು ಮೊಣಕಾಲೆತ್ತರಕ್ಕೆ ಸಮನಾಗಿ ಕತ್ತರಿಸಿ ಹೋಗುತ್ತಿದ್ದ. ಬುಡಚಿಗುರನ್ನು ನೆಲಮಟ್ಟದಲ್ಲಿ ಕತ್ತರಿಸಿದರೆ ಅದರ ಬುಡದ ಕಣ್ಣುಗಳು ಒಳಗೇ ಉಳಿಯುತ್ತವೆ, ಒಂದರ ಜಾಗದಲ್ಲಿ ಮೂರು ಬರುತ್ತವೆ. ಅದನ್ನು ಎಳೆಯದಾಗಿರುವಾಗಲೇ ಹುಟ್ಟಿದ ಜಾಗದಿಂದ ಕೆಳಕ್ಕೆ ಎಳೆದು ಕಿತ್ತುಹಾಕಬೇಕು. ಶಕ್ತಿ ಹೆಚ್ಚಿರುವ ಕಾಡುಗುಲಾಬಿ ಪ್ರತಿ ಸವರುವಿಕೆಯ ನಂತರವೂ ಮುಂದೆ ಹೋಯಿತು, ಹಳದಿ ಹಿಂದೆ ಬಿತ್ತು. ಇದು ಬಹಳ ಹಿತ್ತಲುಗಳಲ್ಲಿ ಆಗುವ ಕಥೆ. ಗುಲಾಬಿ ಬಣ್ಣ ಬದಲಾಯಿಸಿತು ಅಂತ ಹೇಳುವವರ ಗಿಡದ ಬುಡ ನೋಡಿದರೆ ಹೆಚ್ಚಿನ ಸಲ ಸಿಗುವುದು ಇದೇ.

ಪಕ್ಕದ ಮನೆಯ ಕಡ್ಡಿಗಳು ಯಾಕೆ ಎಲ್ಲ ಬದುಕಿದವು ಎಂಬುದಕ್ಕೂ ಉತ್ತರ ಸಿಕ್ಕಿತು. ಮಲ್ಟಿಫ್ಲೋರಾವನ್ನು ಸ್ಟಾಕ್ ಆಗಿ ಆರಿಸಿಕೊಂಡದ್ದೇ ಅದರ ಕಡ್ಡಿ ಸುಲಭವಾಗಿ ಬೇರು ಬಿಡುತ್ತದೆ ಎಂದು. ಅವರಿಗೆ ಹೂವಿಲ್ಲದ ಗಿಡಗಳು ಸಿಕ್ಕಿದ್ದವು. ನಮಗೆ ಅವು ಒಳ್ಳೆಯ ಸ್ಟಾಕ್. “ಬಿಸಾಕಬೇಡಿ, ಅವುಗಳ ಮೇಲೇ ನಿಮ್ಮ ಹಳದಿ ಕಟ್ಟಿಕೊಡ್ತೀವಿ” ಎಂದಾಗ ಪಕ್ಕದ ಮನೆಯವರಿಗೆ ಮೊದಲು ನಂಬಿಕೆ ಬರಲಿಲ್ಲ.

ಈಗ ಲೆಕ್ಕ ಹಾಕೋಣ. ಕಡ್ಡಿಯಿಂದ ಒಂದು ಗಿಡ ಮಾಡಲು ಮೂರು ನಾಲ್ಕು ಕಣ್ಣಿರುವ ಒಂದು ಗೇಣು ಕೊಂಬೆ ಬೇಕು. ಕಸಿಯಲ್ಲಿ ಒಂದು ಕಣ್ಣಿಗೆ ಒಂದು ಗಿಡ. ಪನ್ನೀರು ಗುಲಾಬಿಯಲ್ಲಿ ಕೊಂಬೆಗೆ ಬರವಿರಲಿಲ್ಲ, ಅದು ಕಡ್ಡಿಗೂ ಸುಲಭ. ಅದಕ್ಕೆ ಕಡ್ಡಿ ಸಾಕು. ಹಳದಿಯಲ್ಲಿ ಇದ್ದದ್ದು ಒಂದೇ ಕೊಂಬೆ. ಅದನ್ನು ಕಡ್ಡಿ ಮಾಡಿದರೆ ಸಿಗುವುದು ಹೆಚ್ಚೆಂದರೆ ಒಂದೋ ಎರಡೋ, ಅದೂ ಬೇರು ಬಂದರೆ. ಹಳದಿ ಗುಲಾಬಿಗಳು ಕಡ್ಡಿಗೆ ಬಗ್ಗುವುದೂ ಕಡಿಮೆ. ಈಗಿನ ಹಳದಿ ಹೈಬ್ರಿಡ್‌ಗಳಲ್ಲಿ ಹರಿಯುವುದು ಪರ್ಷಿಯನ್ ಯೆಲ್ಲೋ ಎಂಬ ಪಶ್ಚಿಮ ಏಷ್ಯಾದ ಗುಲಾಬಿಯ ರಕ್ತ. ಫ್ರಾನ್ಸಿನ ಲಿಯಾನ್ ನಗರದ ಗುಲಾಬಿ ತಳಿಗಾರ ಪೆರ್ನೆ ಡ್ಯೂಶೆ ಅದನ್ನು ತೋಟದ ಗುಲಾಬಿಗೆ ಬೆರೆಸಿ 1900ರಲ್ಲಿ ಸೊಲೇ ದೋರ್ ತಳಿ ಹೊರತಂದ. ಗಾಢ ಹಳದಿ ಬಂದದ್ದು ಅಲ್ಲಿಂದ. ಅದರ ಜೊತೆಗೇ ಎಲೆಗೆ ಕಪ್ಪು ಚುಕ್ಕೆ ರೋಗ ಬೇಗ ಹತ್ತುವ ಗುಣವೂ, ಬೇರು ಬರಲು ಹಠ ಮಾಡುವ ಗುಣವೂ ಬಂದವು. ಹಾಗಾಗಿ ಹಳದಿಗೆ ಕಸಿಯೇ. ಕೆಂಪಿಗೆ ಎರಡನ್ನೂ ಮಾಡಿ ನೋಡೋಣ ಎಂದುಕೊಂಡೆವು.

ಹಳದಿಯ ಆ ಸಣಕಲು ಕೊಂಬೆಯ ಕಣ್ಣು ಮೇ ತಿಂಗಳಲ್ಲಿ ಕಸಿಗೆ ಯೋಗ್ಯವಾಗಿರಲಿಲ್ಲ. ಚಪ್ಪಟೆ, ಒಣಕಲು. ತಕ್ಷಣ ತೆಗೆಯುವ ಬದಲು ಮೊದಲು ಅದಕ್ಕೆ ಶಕ್ತಿ ತುಂಬುವುದು ಎಂದಾಯಿತು. ಬುಡಚಿಗುರುಗಳನ್ನೆಲ್ಲ ಬುಡದಿಂದ ಕಿತ್ತೆವು. ಬಿಸಿಲು ತಾಗುವಂತಾಯಿತು. ಸಗಣಿ ಗೊಬ್ಬರ, ಬೇವಿನ ಹಿಂಡಿ, ದಿನ ಬಿಟ್ಟು ದಿನ ನೀರು. ಅಷ್ಟು ದೊಡ್ಡ ಬೇರಿನ ಬುಡಕ್ಕೆ ಈಗ ಊಟ ಹಾಕಬೇಕಾದದ್ದು ಒಂದೇ ಕೊಂಬೆಗೆ. ಜೂನ್ ಮಳೆ ಬಿದ್ದ ಮೇಲೆ ಅದರಿಂದ ಎರಡು ದಪ್ಪ ಚಿಗುರು ಎದ್ದವು. ಜುಲೈಯಲ್ಲಿ ಮೊಗ್ಗು ಬಿಟ್ಟು ಅರಳಿದವು. ಹೌದು, ಬೆಣ್ಣೆ ಹಳದಿ. ಅಜ್ಜಿ ಆ ಹೂವನ್ನು ಕೀಳಲು ಯಾರಿಗೂ ಬಿಡಲಿಲ್ಲ. ನಮಗೂ ಅದೇ ಬೇಕಿತ್ತು, ಹೂವು ತಾನಾಗಿ ಉದುರುವ ಹೊತ್ತಿಗೆ ಕೆಳಗಿನ ಕಣ್ಣುಗಳು ತುಂಬಿಕೊಂಡಿರುತ್ತವೆ.

ಈ ನಡುವೆ ಜೂನ್‌ನಲ್ಲೇ ಪನ್ನೀರು ಗುಲಾಬಿಯ ಕಡ್ಡಿ ಹಾಕಿದೆವು. ಮಳೆಗಾಲದ ಮೋಡ, ಗಾಳಿಯ ತೇವ, ಹದವಾದ ಬಿಸಿ ಎಲ್ಲ ಕಡ್ಡಿಗೆ ಅನುಕೂಲ. ಹೂವು ಉದುರಿದ ಕೊಂಬೆಯನ್ನೇ ಆರಿಸಿದೆವು, ಪೆನ್ಸಿಲ್ ದಪ್ಪ. ಬಲಿತಿದೆಯೋ ಇಲ್ಲವೋ ತಿಳಿಯಲು ಮುಳ್ಳನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ ನೋಡಬೇಕು. ಟಪ್ಪನೆ ಮುರಿದು ಬಿದ್ದರೆ ಹದ ಸರಿ. ಬಾಗಿದರೆ ಎಳಸು. ಸಿಪ್ಪೆ ಕಿತ್ತುಕೊಂಡು ಬಂದರೂ ಎಳಸೇ. ಕಡ್ಡಿ 15ರಿಂದ 20 ಸೆಂಟಿಮೀಟರ್. ಕೆಳಗಿನ ಕಡಿತ ಕಣ್ಣಿನ ಸ್ವಲ್ಪವೇ ಕೆಳಗೆ, ನೇರವಾಗಿ. ಮೇಲಿನದು ಕಣ್ಣಿಗಿಂತ ಒಂದು ಸೆಂಟಿಮೀಟರ್ ಮೇಲೆ, ಓರೆಯಾಗಿ. ಓರೆ ಯಾಕೆಂದರೆ ನೀರು ಜಾರಲಿ, ಮತ್ತೆ ಯಾವ ತುದಿ ಮೇಲೆ ಎಂಬುದು ಮರೆಯದಿರಲಿ. ತಲೆಕೆಳಗಾಗಿ ನೆಟ್ಟ ಕಡ್ಡಿ ನಮ್ಮ ನರ್ಸರಿಗೂ ಅಪರೂಪವೇನಲ್ಲ, ಹೊಸ ಹುಡುಗರು ಬಂದಾಗ.

ಎಲೆಯನ್ನು ಪೂರ್ತಿ ಕೀಳಲಿಲ್ಲ. ಮೇಲಿನ ಎರಡು ಎಲೆ ಬಿಟ್ಟು, ಅದರಲ್ಲೂ ತುದಿಯ ಅರ್ಧ ಕತ್ತರಿಸಿದೆವು. ಹಸಿರೆಲೆ ಇದ್ದರೆ ಬೇರಿಗೆ ಬೇಕಾದ ಆಹಾರ ತಯಾರಾಗುತ್ತದೆ, ಆದರೆ ನೀರೂ ಖರ್ಚಾಗುತ್ತದೆ. ಆ ಖರ್ಚನ್ನು ತಡೆಯಲು ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ನೆರಳುಬಲೆ. ನೇರ ಬಿಸಿಲು ಬಿದ್ದರೆ ಹೊದಿಕೆಯೊಳಗೆ ಕಡ್ಡಿ ಬೇಯುತ್ತದೆ. ತೇವ ಗಾಳಿಯಲ್ಲಿ ಜಾಸ್ತಿ, ಮಣ್ಣಿನಲ್ಲಿ ಹದ. ಇದು ಉಲ್ಟಾ ಆದರೆ ಮುಗಿಯಿತು. ಬಹಳ ಜನ ದಿನಕ್ಕೆರಡು ಸಲ ಕುಂಡಕ್ಕೆ ನೀರು ಸುರಿದು ಎಲೆಯನ್ನು ಬಿಸಿಗಾಳಿಗೆ ಬಿಟ್ಟಿರುತ್ತಾರೆ.

ಮಣ್ಣಿನ ಮಿಶ್ರಣ ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಮರಳು. ಹೊಳೆ ಮರಳು ಈಗ ಕಷ್ಟ, ಎಂ ಸ್ಯಾಂಡ್ ಹಾಕಿದರೆ ಚೆನ್ನಾಗಿ ತೊಳೆಯಬೇಕು. ಅದರ ನುಣ್ಣನೆ ಪುಡಿ ಕೆಳಗೆ ಕುಳಿತು ನೀರು ಇಳಿಯಲು ಬಿಡುವುದಿಲ್ಲ. ಕೋಕೋಪೀಟ್ ತೆಂಗಿನ ಸೀಮೆಯಾದ ನಮ್ಮಲ್ಲಿ ಧಾರಾಳ, ಅದನ್ನೂ ಎರಡು ಮೂರು ನೀರಿನಲ್ಲಿ ತೊಳೆದೇ ಬಳಸಬೇಕು, ಉಪ್ಪಿನಂಶ ಇರುತ್ತದೆ. ಈ ಹಂತದಲ್ಲಿ ಗೊಬ್ಬರ ಬೇಡ. ಬೇರಿಲ್ಲದವನಿಗೆ ಊಟ ಬಡಿಸಿ ಏನು ಪ್ರಯೋಜನ?

ಬೇರು ಬರಿಸುವ ಹಾರ್ಮೋನಿನ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಪ್ರಕಾರ ಅದನ್ನು ಕೊನೆಗೆ ಕೇಳಬೇಕು. ಪನ್ನೀರಿಗೆ ನಾವು ಹಾಕಲೇ ಇಲ್ಲ, ಆದರೂ ಹೆಚ್ಚಿನವು ಬೇರು ಬಿಟ್ಟವು. ಕೆಂಪಿಗೆ ಐಬಿಎ ಬಳಸಿದೆವು. ಇಂಡೋಲ್ ಬ್ಯುಟಿರಿಕ್ ಆಮ್ಲ ಅದರ ಪೂರ್ತಿ ಹೆಸರು. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. 100 ಮಿಲಿಗ್ರಾಂ ಪುಡಿಯನ್ನು ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿ ಆಮೇಲೆ ನೀರು ಸೇರಿಸಿ 100 ಮಿಲಿಲೀಟರ್ ಮಾಡಿದರೆ 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ದ್ರಾವಣ. ಬುಡವನ್ನು ಹತ್ತು ಸೆಕೆಂಡಿನೊಳಗೆ ಅದ್ದಿ ತೆಗೆದು, ಆರಲು ಬಿಟ್ಟು ನೆಟ್ಟೆವು. ಜಾಸ್ತಿ ಹೊತ್ತು ಅದ್ದಿದರೆ ಬುಡ ಕಪ್ಪಾಗುತ್ತದೆ. ಇಷ್ಟೆಲ್ಲ ಮಾಡಿಯೂ ಕೆಂಪಿನಲ್ಲಿ ಬೇರು ಬಂದದ್ದು ಅರ್ಧಕ್ಕಿಂತ ಕಡಿಮೆ.

ಸತ್ತ ಕಡ್ಡಿಗಳನ್ನು ಎಸೆಯುವ ಮೊದಲು ಒಮ್ಮೆ ನೋಡಬೇಕು. ಕಪ್ಪು ಬುಡದಿಂದ ಮೇಲೇರಿದ್ದರೆ ನೀರು ನಿಂತು ಕೊಳೆತಿದೆ. ತುದಿಯಿಂದ ಕೆಳಗಿಳಿದಿದ್ದರೆ ಒಣಗಿದೆ, ಇಲ್ಲವೇ ಮೇಲಿನ ಗಾಯದಿಂದ ಶಿಲೀಂಧ್ರ ಹೊಕ್ಕಿದೆ. ಹಸಿರಾಗಿಯೇ ಇದ್ದು ಬುಡದಲ್ಲಿ ಏನೂ ಆಗದಿದ್ದರೆ ಕಡ್ಡಿಯ ಹದ ಸರಿಯಿರಲಿಲ್ಲ. ಕೆಂಪಿನಲ್ಲಿ ಜಾಸ್ತಿ ಕಂಡದ್ದು ಈ ಮೂರನೆಯದು. ತಾಯಿಗಿಡದಲ್ಲೇ ಕಸುವಿರಲಿಲ್ಲ. ಯಾಕೆಂಬುದು ಆಮೇಲೆ ಗೊತ್ತಾಯಿತು.

ಜುಲೈ ಕೊನೆಯಲ್ಲಿ ಹಳದಿಯ ಕಸಿ. ಎರಡು ಕೊಂಬೆಗಳಿಂದ ಹತ್ತು ಹನ್ನೆರಡು ಒಳ್ಳೆಯ ಕಣ್ಣು ಸಿಗುವಂತಿತ್ತು. ಕೊಂಬೆಯ ತುದಿಯವು ಎಳಸು, ಬುಡದವು ನಿದ್ದೆಯಲ್ಲಿರುವಂಥವು. ಮಧ್ಯದವೇ ಸರಿ. ಕೊಂಬೆ ಕತ್ತರಿಸಿದ ಕೂಡಲೇ ಎಲೆಗಳನ್ನು ತೆಗೆದು, ತೊಟ್ಟು ಮಾತ್ರ ಒಂದು ಸೆಂಟಿಮೀಟರ್ ಬಿಟ್ಟೆವು. ಆ ತೊಟ್ಟಿನ ಕೆಲಸ ಆಮೇಲೆ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ನರ್ಸರಿಗೆ ತಂದೆವು. ಆ ದಿನವೇ ಕಟ್ಟಲಾಗದಿದ್ದರೆ ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿ ಕೆಲವು ದಿನ ಇಡಬಹುದು, ಫ್ರೀಜರ್‌ನಲ್ಲಿ ಮಾತ್ರ ಬೇಡ.

ಸ್ಟಾಕ್‌ಗಳು ಚಳಿಗಾಲದಲ್ಲೇ ಕಡ್ಡಿ ನೆಟ್ಟು ಬೆಳೆಸಿದ್ದವು. ಜೊತೆಗೆ ಪಕ್ಕದ ಮನೆಯ ಎರಡು. ಮೂರು ದಿನ ಮೊದಲಿನಿಂದ ಅವಕ್ಕೆ ಚೆನ್ನಾಗಿ ನೀರು ಕೊಟ್ಟಿದ್ದೆವು. ಒಳಗೆ ರಸ ಓಡುತ್ತಿದ್ದರೆ ಮಾತ್ರ ಸಿಪ್ಪೆ ಕಟ್ಟಿಗೆಯಿಂದ ಸಲೀಸಾಗಿ ಬಿಡುತ್ತದೆ. ಸಿಪ್ಪೆ ಬಿಡದ ಗಿಡಕ್ಕೆ ಬಲವಂತ ಮಾಡಿದರೆ ಹರಿದು ಹಾಳಾಗುತ್ತದೆ. ಅಂಥದಕ್ಕೆ ಸಿಪ್ಪೆಯ ಜೊತೆ ತೆಳ್ಳನೆ ಕಟ್ಟಿಗೆಯನ್ನೂ ಕೆತ್ತಿ ಕೂರಿಸುವ ಚಿಪ್ ಕಸಿಯೇ ಗತಿ.

ಕಟ್ಟಿದ್ದು ನಮ್ಮ ನರ್ಸರಿಯ ಕಸಿ ಅಣ್ಣ. ಅವರ ಚಾಕು ಅರ್ಧ ಶೇವಿಂಗ್ ಬ್ಲೇಡು. ಮಣ್ಣಿನಿಂದ ನಾಲ್ಕು ಬೆರಳು ಮೇಲೆ ಮುಳ್ಳು ತೆಗೆದು ಒರೆಸಿ, ಟಿ ಅಕ್ಷರದಂತೆ ಒಂದು ಅಡ್ಡ, ಒಂದು ಉದ್ದ ಗೀರು. ಉದ್ದ ಗೀರು ಒಂದಂಗುಲ. ಕಡಿತ ಸಿಪ್ಪೆಯಷ್ಟೇ ಆಳ. ಹಳದಿ ಕೊಂಬೆಯಿಂದ ಕಣ್ಣಿನ ಸುತ್ತ ಗುರಾಣಿ ಆಕಾರದ ತುಂಡು ಎತ್ತಿ, ಹಿಂದಿನ ಕಟ್ಟಿಗೆಯ ಚೂರನ್ನು ಉಗುರಿನಿಂದ ಬಿಡಿಸಿ ತೆಗೆದು, ತೊಟ್ಟನ್ನು ಹಿಡಿದು ಸಿಪ್ಪೆಯೊಳಗೆ ಜಾರಿಸಿದರು. ಕಟ್ಟಿಗೆ ಬಿಡಿಸುವಾಗ ಕಣ್ಣಿನ ಹಿಂದಿನ ಹಸಿರು ಬೊಟ್ಟೂ ಕಿತ್ತುಬಂದರೆ ಅಲ್ಲಿ ತೂತು ಕಾಣುತ್ತದೆ. ಅಂಥ ಕಣ್ಣು ಅಂಟಿಕೊಂಡರೂ ಚಿಗುರುವುದಿಲ್ಲ. ಒಂದಕ್ಕೆ ಹಾಗಾಯಿತು, ಅದನ್ನು ಅಲ್ಲೇ ಎಸೆದರು. ಕಣ್ಣು ಹೊರಗೆ ಕಾಣುವಂತೆ ಮೇಲೂ ಕೆಳಗೂ ಪ್ಲಾಸ್ಟಿಕ್ ಪಟ್ಟಿ ಬಿಗಿದರು. ಕಣ್ಣು ಎತ್ತಿ ಕಟ್ಟು ಹಾಕುವವರೆಗೆ ಮಾತಿಲ್ಲ. ತೆರೆದ ಸಿಪ್ಪೆ ಗಾಳಿಗೆ ಆರುವ ಮೊದಲು ಮುಗಿಯಬೇಕು. “ಮಾತಾಡಿಸಬೇಡಿ ಸಾರ್, ಒಂದು ಕಣ್ಣು ಹೋದರೆ ಅಜ್ಜಿಗೆ ನೀವೇ ಉತ್ತರ ಹೇಳಬೇಕು” ಎಂದರು.

ಮಳೆ ಹನಿ ಟಿ ಗೀರಿನೊಳಗೆ ಇಳಿದರೆ ಕಣ್ಣು ಕೊಳೆಯುತ್ತದೆ. ಅದಕ್ಕೆ ಚೀಲದ ಗಿಡಗಳನ್ನು ಶೆಡ್ಡಿನೊಳಗೇ ಇಟ್ಟುಕೊಂಡೆವು. ಎರಡು ವಾರದ ಹೊತ್ತಿಗೆ ತೊಟ್ಟಿನ ಪರೀಕ್ಷೆ. ಬೆರಳಿನಿಂದ ಮುಟ್ಟಿದರೆ ತೊಟ್ಟು ತಾನಾಗಿ ಕಳಚಿ ಬಿದ್ದು ಕಣ್ಣು ಹಸಿರಾಗಿದ್ದರೆ ಕಸಿ ಹಿಡಿದಿದೆ. ತೊಟ್ಟು ಸುಕ್ಕುಗಟ್ಟಿ ಅಂಟಿಕೊಂಡೇ ಇದ್ದರೆ ಹೋಯಿತು. ಎಲೆ ಕಳಚುವುದು ಜೀವ ಇರುವ ಭಾಗ ಮಾಡುವ ಕೆಲಸ, ಸತ್ತದ್ದಕ್ಕೆ ಅದು ಆಗುವುದಿಲ್ಲ. ಎರಡು ಬಿಟ್ಟು ಉಳಿದವೆಲ್ಲ ಹಿಡಿದಿದ್ದವು. ಹೋದ ಎರಡಕ್ಕೆ ಸ್ಟಾಕಿನ ಇನ್ನೊಂದು ಮಗ್ಗುಲಲ್ಲಿ ಮತ್ತೆ ಕಟ್ಟಬಹುದಿತ್ತು, ಕಣ್ಣು ಉಳಿದಿರಲಿಲ್ಲ.

ಹಿಡಿದ ಮೇಲೆ ಸ್ಟಾಕಿನ ತಲೆಯನ್ನು ಒಂದೇ ಸಲ ಕತ್ತರಿಸದೆ ಕಣ್ಣಿನ ಮೇಲಿನ ಭಾಗವನ್ನು ಅರ್ಧ ಮುರಿದು ಬಗ್ಗಿಸಿದೆವು. ಎಲೆಗಳು ಬೇರಿಗೆ ಆಹಾರ ಕೊಡುತ್ತಿರುತ್ತವೆ, ತುದಿಯ ಹಿಡಿತ ತಪ್ಪಿದ್ದರಿಂದ ಹಳದಿ ಕಣ್ಣು ಎಚ್ಚರಗೊಳ್ಳುತ್ತದೆ. ಚಿಗುರು ಗೇಣುದ್ದ ಆದ ಮೇಲೆ ಪೂರ್ತಿ ಕತ್ತರಿಸಿ, ಗಾಯಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಹಚ್ಚಿದೆವು. ಹೊಸ ಚಿಗುರಿಗೆ ಕೋಲು ಕಟ್ಟುವುದು ಅಗತ್ಯ. ಕಸಿ ಜಾಗ ಇನ್ನೂ ಹಸಿ, ಜೋರು ಗಾಳಿಗೆ ಚಿಗುರು ಬುಡಸಮೇತ ಕಳಚಿಬೀಳುತ್ತದೆ. ಮೊದಲ ಮೊಗ್ಗನ್ನು ಚಿವುಟಿದೆವು. ಇದಕ್ಕೆ ಅಜ್ಜಿಯನ್ನು ಒಪ್ಪಿಸುವುದೇ ಕಷ್ಟವಾಯಿತು.

ಗುದ್ದಲಿ ಪೂಜೆಯ ಹಿಂದಿನ ವಾರ ತಾಯಿಗಿಡಗಳನ್ನೂ ಅಗೆದೆವು. ಪನ್ನೀರನ್ನು ಮೊಣಕಾಲೆತ್ತರಕ್ಕೆ ಸವರಿ, ಮಣ್ಣಿನ ಹೆಂಟೆ ಸಮೇತ ಎತ್ತಿ, ಗೋಣಿಯಲ್ಲಿ ಕಟ್ಟಿ ಒಯ್ದದ್ದು ಬದುಕಿತು. ಅದು ತನ್ನ ಬೇರಿನ ಮೇಲೇ ನಿಂತ ಗಿಡ, ಎಲ್ಲಿಂದ ಚಿಗುರಿದರೂ ಅದೇ ಹೂವು. ಹಳದಿಯ ಹಳೆ ಬುಡವನ್ನು ಬಿಟ್ಟುಬಿಟ್ಟೆವು.

ಕೆಂಪನ್ನು ಅಗೆದಾಗ ಅದು ಯಾಕೆ ಸೊರಗಿತ್ತು ಎಂಬುದು ಕಂಡಿತು. ಬುಡದಲ್ಲಿ, ದಪ್ಪ ಬೇರುಗಳ ಮೇಲೆ ನಿಂಬೆ ಗಾತ್ರದ ಒರಟು ಗಡ್ಡೆಗಳು. ಇದು ಕ್ರೌನ್ ಗಾಲ್ ರೋಗ, ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಗಾಯದ ಮೂಲಕ ಹೊಕ್ಕು ತನ್ನ ವಂಶವಾಹಿಯ ತುಂಡನ್ನು ಗಿಡದ ಕೋಶಕ್ಕೆ ಸೇರಿಸಿ ಗಡ್ಡೆ ಬೆಳೆಸುತ್ತದೆ. ಔಷಧಿ ಹೊಡೆದು ವಾಸಿ ಮಾಡುವ ರೋಗ ಅಲ್ಲ. ಕಸಿ ಕಟ್ಟುವವರಿಗೆ ಇದು ದೊಡ್ಡ ತಲೆನೋವು, ಏಕೆಂದರೆ ನಮ್ಮ ಕೆಲಸವೇ ಗಾಯ ಮಾಡುವುದು. ಒಂದು ಗಿಡಕ್ಕೆ ಆಡಿಸಿದ ಬ್ಲೇಡು ಮುಂದಿನದಕ್ಕೆ ರೋಗ ದಾಟಿಸಬಲ್ಲದು. ಆ ಗಿಡವನ್ನು ಸುಟ್ಟೆವು, ಅಗೆದ ಮಣ್ಣನ್ನು ಬೇರೆ ಕುಂಡಕ್ಕೆ ಹಾಕದಂತೆ ಮನೆಯವರಿಗೆ ಹೇಳಿದೆವು, ಉಪಕರಣಗಳನ್ನೆಲ್ಲ ಸ್ಪಿರಿಟ್‌ನಲ್ಲಿ ಒರೆಸಿದೆವು.

ಆದರೆ ಅಷ್ಟರಲ್ಲಿ ಕೆಂಪಿನ ಕಡ್ಡಿಗಳು ಬೇರು ಬಿಟ್ಟಿದ್ದವು, ಒಂದೆರಡು ಕಸಿಯೂ ಹಿಡಿದಿದ್ದವು. ಅವನ್ನು ಗಿಡದ ಮೇಲ್ಭಾಗದಿಂದ ತೆಗೆದಿದ್ದೆವು, ಬುಡದ ಹತ್ತಿರದಿಂದಲ್ಲ. ಅದು ಸಮಾಧಾನದ ವಿಷಯ, ಗ್ಯಾರಂಟಿ ಅಲ್ಲ. ಗುಲಾಬಿಯಲ್ಲಿ ಈ ಬ್ಯಾಕ್ಟೀರಿಯಾ ಕೊಂಬೆಯೊಳಗೂ ಸಾಗಬಲ್ಲದು. ಇಲ್ಲೊಂದು ಗೊಂದಲಕ್ಕೂ ಜಾಗವಿದೆ. ಕಡ್ಡಿಯ ಬುಡದಲ್ಲಿ ಬೇರು ಬರುವ ಮೊದಲು ಬಿಳಿಚಿದ ಮೆತ್ತನೆಯ ಊತ ಬರುತ್ತದೆ. ಅದು ಗಾಯ ಮಾಯುವಾಗಿನ ಕ್ಯಾಲಸ್, ಒಳ್ಳೆಯ ಲಕ್ಷಣ. ಬೇರು ಬಂದ ಮೇಲೆ ಅದು ಬೆಳೆಯುವುದು ನಿಲ್ಲುತ್ತದೆ. ಗಡ್ಡೆ ಹಾಗಲ್ಲ, ಒರಟಾಗಿ, ಕಂದಾಗಿ, ಬೆಳೆಯುತ್ತಲೇ ಹೋಗುತ್ತದೆ. ಮೊಮ್ಮಗ ಕ್ಯಾಲಸ್ ನೋಡಿ ರೋಗ ಎಂದು ಹೆದರಿ ಫೋನ್ ಮಾಡಿದ್ದ.

ಹೊಸ ಮನೆ ಕಟ್ಟುವವರೆಗೆ ಗಿಡಗಳು ಊರ ಹೊರಗಿನ ಮಗಳ ಮನೆಗೆ ಹೋದವು. ಅಲ್ಲಿ ಬೋರ್‌ವೆಲ್ ನೀರು, ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುವಷ್ಟು ಗಡಸು. ಕೆಲವು ತಿಂಗಳಲ್ಲಿ ಹಳದಿ ಗುಲಾಬಿಯ ಹೊಸ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಬಿಳಿಚತೊಡಗಿದವು. ಪನ್ನೀರಿಗೆ ಏನೂ ಆಗಿರಲಿಲ್ಲ. ಇದು ಕಬ್ಬಿಣದ ಕೊರತೆ, ಮಣ್ಣಿನಲ್ಲಿ ಕಬ್ಬಿ‌ಣ ಇದ್ದರೂ ಸುಣ್ಣದ ಅಂಶ ಜಾಸ್ತಿಯಾದಾಗ ಬೇರು ಅದನ್ನು ಹೀರಲಾರದು. ಮಲ್ಟಿಫ್ಲೋರಾಕ್ಕೆ ಸ್ವಲ್ಪ ಹುಳಿ ಮಣ್ಣೇ ಇಷ್ಟ, ಕ್ಷಾರ ಸಹಿಸುವುದು ಕಡಿಮೆ. ಉತ್ತರ ಭಾರತದ ಬಯಲಿನಲ್ಲಿ ರೋಸಾ ಇಂಡಿಕಾ ಒಡೊರಾಟಾ ಸ್ಟಾಕನ್ನು ಬಳಸುವುದಕ್ಕೆ ಒಂದು ಕಾರಣ ಅದು ಕ್ಷಾರ ಮಣ್ಣನ್ನು ತಡೆದುಕೊಳ್ಳುತ್ತದೆ ಎಂಬುದೇ. ಕಸಿ ಕಟ್ಟುವಾಗ ಮೇಲಿನ ಹೂವಿನ ಬಗ್ಗೆ ಯೋಚಿಸಿದಷ್ಟೇ ಕೆಳಗಿನ ಬೇರು ಯಾವ ಮಣ್ಣಿಗೆ ಹೋಗುತ್ತದೆ ಎಂದೂ ಕೇಳಬೇಕು ಎನ್ನುವುದು ಇದಕ್ಕೇ. ಬೇರು ಹೀರಬಲ್ಲ ರೂಪದ ಚೀಲೇಟೆಡ್ ಕಬ್ಬಿಣ ಕೊಟ್ಟು, ಕಾಂಪೋಸ್ಟ್ ಹೆಚ್ಚಿಸಿ, ತಾರಸಿಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದು ಕುಂಡಗಳಿಗೆ ಹಾಕಲು ಹೇಳಿದೆವು. ಎಲೆ ತಿರುಗಿ ಹಸಿರಾಯಿತು, ಮಳೆನೀರು ಖಾಲಿಯಾದ ಬೇಸಿಗೆಯಲ್ಲಿ ಮತ್ತೆ ಸ್ವಲ್ಪ ಬಿಳಿಚಿತು.

ಹಳದಿಯ ಒಂದು ಗಿಡದಲ್ಲಿ ಕಸಿ ಗಂಟಿನ ಕೆಳಗಿನಿಂದ ಬುಡಚಿಗುರು ಎದ್ದಿತ್ತು. ಈ ಸಲ ಮಾಲಿಗೆ ಬಿಡದೆ ಅಜ್ಜಿಯೇ ಕಿತ್ತುಹಾಕಿದ್ದಾರೆ. ಪನ್ನೀರಿನ ಕಡ್ಡಿ ಗಿಡಗಳು ನೆಂಟರ ಮನೆಗಳಿಗೆ ಹಂಚಿಹೋಗಿವೆ. ಕೆಂಪಿನ ಕುಂಡಗಳನ್ನು ಮಾತ್ರ ನರ್ಸರಿಯ ಬೇರೆ ಮೂಲೆಯಲ್ಲಿ, ಬೇರೆ ಕತ್ತರಿಯೊಂದಿಗೆ ಇಟ್ಟಿದ್ದೇವೆ. ಮಳೆಗಾಲ ಕಳೆದ ಮೇಲೆ ಒಂದೊಂದನ್ನೇ ಬುಡ ಬಿಡಿಸಿ ನೋಡುತ್ತೇವೆ. ಗಡ್ಡೆ ಇಲ್ಲದವುಗಳನ್ನು ಮಾತ್ರ ಆ ಮನೆಗೆ ಕಳಿಸುವುದು.